ಮೆಟ್ಟಿಲುಗಳ ಊರಿಗೆ ಮೊಣಕಾಲು ನೋವಿನ ಅಮ್ಮ: ನನ್ನ ವಲೆಟ್ಟಾ ಲೆಕ್ಕ

ಅಮ್ಮನನ್ನು ಮೆಡಿಟರೇನಿಯನ್ ಸಮುದ್ರದ ದ್ವೀಪ ದೇಶ ಮಾಲ್ಟಾದ ರಾಜಧಾನಿ ವಲೆಟ್ಟಾಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಭಾವ ಜೋರಾಗಿ ನಕ್ಕರು. "ನಿಂಗೆ ತಲೆ ಸರಿ ಇದೆಯಾ? ಆ ಊರಲ್ಲಿ ರಸ್ತೆಗಳೇ ಮೆಟ್ಟಿಲು. ನೀನು ನೋಡೋಕೆ ಹೋಗ್ತಿದ್ದೀಯೋ, ಅತ್ತೇನ ಹೊತ್ಕೊಂಡು ತಿರುಗೋಕೆ ಹೋಗ್ತಿದ್ದೀಯೋ?" ಟ್ರಾವೆಲ್ ಏಜೆಂಟ್ ಇನ್ನೂ ನಯವಾಗಿ ಅದನ್ನೇ ಹೇಳಿದ. ಇಟಲಿ ಪ್ಯಾಕೇಜ್ ತಗೊಳ್ಳಿ ಸರ್, ಕೋಚ್‌ನಲ್ಲಿ ಕೂತೇ ನೋಡಬಹುದು ಅಂದ. ಮೂವರಿಗೆ ಐದೂವರೆ ಲಕ್ಷ ಅಂತ ನೆನಪು.

ಅಮ್ಮನಿಗೆ 68. ಎರಡೂ ಮೊಣಕಾಲು ಸವೆದಿವೆ. ಆದರೆ ಹಡಗು ನಿಲ್ಲುವ ಹಳೇ ಊರು ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಕಳೆದ ನವೆಂಬರ್‌ನಲ್ಲಿ ಏಳು ರಾತ್ರಿ ಇದ್ದು ಬಂದೆವು. ಕೊನೇ ದಿನವೂ ಅಮ್ಮ ತಮ್ಮ ಕಾಲ ಮೇಲೆ ತಾವೇ ನಡೆದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿಕೊಂಡ ಎಡವಟ್ಟುಗಳನ್ನು ಹೇಳಿಬಿಡುತ್ತೇನೆ.

ಮೊದಲ ಸಲ ರೋಮ್ ನಾಲ್ಕು ರಾತ್ರಿ, ಮಾಲ್ಟಾ ನಾಲ್ಕು ರಾತ್ರಿ ಅಂತ ಹಾಕಿ, ವೀಸಾ ಅರ್ಜಿಯನ್ನು ಮಾಲ್ಟಾಗೆ ಕೊಟ್ಟೆ. ರಾತ್ರಿಗಳು ಸಮ ಇದ್ದರೆ ಮೊದಲು ಇಳಿಯುವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನೋದು ಷೆಂಗೆನ್ (ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶ ಸುತ್ತುವ ವ್ಯವಸ್ಥೆ) ಲೆಕ್ಕ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ರೋಮ್‌ನಲ್ಲಿ ಇಳಿಯುವ ಟಿಕೆಟ್ ಲಗತ್ತಿಸಿದೆ. ವೀಸಾ ಸಿಗಲಿಲ್ಲ. ತಲಾ 90 ಯೂರೋ ಶುಲ್ಕ, ಮೇಲೆ ಸೇವಾ ಶುಲ್ಕ, ಫೋಟೋ, ಓಡಾಟ ಎಲ್ಲ ಸೇರಿ ಮೂವರಿಗೆ ಹತ್ತಿರ ಹತ್ತಿರ ಮೂವತ್ತು ಸಾವಿರ ನೀರಿಗೆ ಹೋಯಿತು. ಎರಡನೇ ಸಲ ರೋಮ್ ಕೈಬಿಟ್ಟೆ. ಏಳೂ ರಾತ್ರಿ ಮಾಲ್ಟಾ ಮಾತ್ರ, ಮುಂಬೈನಿಂದ ಇಸ್ತಾಂಬುಲ್ ಮೇಲೆ ಹೋಗಿ ಬರುವ ಟಿಕೆಟ್, 30,000 ಯೂರೋ ವಿಮೆ. ಸಲೀಸಾಗಿ ಬಂತು.

ಎರಡನೇ ಎಡವಟ್ಟು ಮನೆಯದ್ದು. ವಲೆಟ್ಟಾ ಊರೊಳಗೇ ಒಂದು ಫ್ಲ್ಯಾಟ್ ಬುಕ್ ಮಾಡಿದ್ದೆ. ಫೋಟೋದಲ್ಲಿ ಮರದ ಹಸಿರು ಬಾಲ್ಕನಿ, ನೋಡಿದರೆ ಮನಸ್ಸು ತುಂಬುತ್ತಿತ್ತು. ಬುಕ್ ಮಾಡಿ ವಾರ ಕಳೆದ ಮೇಲೆ ಲಿಫ್ಟ್ ಇದೆಯಾ ಅಂತ ಕೇಳಿದೆ. ಮೂರನೇ ಮಹಡಿ, ಸುರುಳಿ ಮೆಟ್ಟಿಲು ಅಂತ ಉತ್ತರ ಬಂತು. ಹಣ ವಾಪಸ್ ಇಲ್ಲದ ಬುಕಿಂಗ್. ಸುಮಾರು 180 ಯೂರೋ ಹೋಯಿತು. ಹೆಂಡತಿ ಇವತ್ತಿಗೂ ಆ ಬಾಲ್ಕನಿ ನೆನಪಿಸಿ ಚುಚ್ಚುತ್ತಾಳೆ.

ಈಗ ಅಸಲು ವಿಷಯ. ಪ್ಲಾನ್ ಅಂದರೆ ನಾವೆಲ್ಲ ನೋಡುವ ಜಾಗಗಳ ಪಟ್ಟಿಯಿಂದ ಶುರು ಮಾಡುತ್ತೇವೆ, ಅಲ್ವಾ? ನಾನು ಅಮ್ಮನ ಮೊಣಕಾಲಿನಿಂದ ಶುರು ಮಾಡಿದೆ. ಲಾಲ್‌ಬಾಗ್‌ಗೆ ನಾಲ್ಕು ಭಾನುವಾರ ಕರೆದುಕೊಂಡು ಹೋಗಿ ಗಡಿಯಾರ ಹಿಡಿದು ಅಳೆದೆ. ಸಮತಟ್ಟು ದಾರಿಯಲ್ಲಿ ಇಪ್ಪತ್ತೈದು ನಿಮಿಷ, ಆಮೇಲೆ ಕೂರಲೇಬೇಕು. ಹತ್ತು ನಿಮಿಷ ಕೂತರೆ ಮತ್ತೆ ಇಪ್ಪತ್ತು. ಒಮ್ಮೆಗೆ ಹತ್ತುವುದು ಹದಿನೈದು ಮೆಟ್ಟಿಲು. ಇಳಿಯುವುದು ಸುಲಭ ಇರಬೇಕು ಅಂತ ನಾನೇ ಅಂದುಕೊಂಡು, ಬರೀ ಇಳಿಜಾರಿನ ದಾರಿಗಳನ್ನು ಆರಿಸಿ ಒಂದು ನಕ್ಷೆ ಮಾಡಿದ್ದೆ. ಅಮ್ಮ ಬಂಡೆಯ ಇಳಿಜಾರಲ್ಲಿ ನಿಂತು, "ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ನೋವು ಕಣೋ" ಅಂದರು. ಎರಡು ವಾರದ ಕೆಲಸ ಕಸದ ಬುಟ್ಟಿಗೆ.

ಮತ್ತೆ ಮೊದಲಿನಿಂದ ಕೂತೆ. ಊರಿನ ಆಕಾರ ನೋಡಿ. ಮಧ್ಯದಲ್ಲಿ ಗುಡ್ಡ, ಮೂರು ಕಡೆ ಸಮುದ್ರ. ಉದ್ದ ಒಂದು ಕಿಲೋಮೀಟರ್, ಅಗಲ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1565ರಲ್ಲಿ ತುರ್ಕರ ಮುತ್ತಿಗೆ ತಡೆದ ಮೇಲೆ, ಮರುವರ್ಷವೇ ನೈಟ್‌ಗಳ (ಆಗ ಮಾಲ್ಟಾ ಆಳುತ್ತಿದ್ದ ಕ್ರೈಸ್ತ ಯೋಧರ) ಮುಖಂಡ ಲಾ ವಲೆಟ್ ಈ ಊರಿಗೆ ಅಡಿಗಲ್ಲು ಹಾಕಿದ. ಗುಡ್ಡವನ್ನು ಕಡಿದು ಸಮ ಮಾಡುವ ಯೋಚನೆ ಇತ್ತಂತೆ. ಶತ್ರು ಮತ್ತೆ ಬಂದಾನು ಅನ್ನೋ ಅವಸರ, ಕೈಯಲ್ಲಿ ಹಣವೂ ಕಮ್ಮಿ. ಹಾಗೇ ಬಿಟ್ಟು, ಗುಡ್ಡದ ಮೇಲೇ ಚದುರಂಗದ ಮನೆಗಳ ಹಾಗೆ ರಸ್ತೆ ಎಳೆದರು. ಅವರು ಆ ದಿನ ಉಳಿಸಿದ ಖರ್ಚನ್ನು ನಮ್ಮ ಅಮ್ಮನ ಮೊಣಕಾಲು ತೆರಬೇಕಾಗಿತ್ತು!

ಆದರೆ ಗುಡ್ಡ ಅಂದರೆ ನೆತ್ತಿಯೂ ಇರುತ್ತದೆ. ಊರ ಬಾಗಿಲಿನಿಂದ ಅರಮನೆ ಚೌಕದವರೆಗೆ ರಿಪಬ್ಲಿಕ್ ಸ್ಟ್ರೀಟ್ ನೆತ್ತಿಯ ಮೇಲೇ ಹೋಗುತ್ತದೆ. ಪಕ್ಕದ ಮರ್ಚೆಂಟ್ಸ್ ಸ್ಟ್ರೀಟ್ ಕೂಡ ಬಹುಪಾಲು ಹಾಗೇ. ಅಲ್ಲಿ ನಡೆಯಬಹುದು. ಎರಡೂ ಪಕ್ಕಕ್ಕೆ ಇಳಿಯುವ ಅಡ್ಡರಸ್ತೆಗಳಿಗೆ ಕೆಂಪು ಪೆನ್ಸಿಲ್ ಗೀರು. ಚೌಕ ದಾಟಿದ ಮೇಲೆ ಸೇಂಟ್ ಎಲ್ಮೋ ಕೋಟೆ ಕಡೆಗೂ ಇಳಿಜಾರೇ, ಅದಕ್ಕೂ ಕೆಂಪು. ಕೋಟೆಗೆ ಊರು ಸುತ್ತುವ 133 ನಂಬರ್ ಬಸ್ಸು. ಕೂರುವ ಜಾಗಗಳಿಗೆ ಹಸಿರು ಚುಕ್ಕೆ. ಫೋನಿನಲ್ಲಿ ಬೀದಿಗಳ ಫೋಟೋ ತಿರುಗಿಸಿ ತಿರುಗಿಸಿ ನೋಡಿ ಹದಿನೇಳು ಬೆಂಚು ಹುಡುಕಿದೆ. ಅದರಲ್ಲಿ ಹನ್ನೊಂದು ನಿಜವಾಗಿ ಇದ್ದವು.

ಮನೆಯನ್ನು ಬಂದರಿನ ಆಚೆ ದಡದ ಬಿರ್ಗುನಲ್ಲಿ ಹಿಡಿದೆ. ನೀರಿಗೆ ಹತ್ತಿರ, ನೆಲಮಹಡಿ, ರಾತ್ರಿಗೆ 80-85 ಯೂರೋ. ಎಲ್ಲರೂ ಯಾಕೆ ಆಚೆ ದಡ ಅಂದರು. ಯಾಕೆ ಅಂದರೆ ದೋಣಿ. ಬೆಳಿಗ್ಗೆ ದೋಣಿ ಹತ್ತಿದರೆ ಗ್ರ್ಯಾಂಡ್ ಹಾರ್ಬರ್ ದಾಟಿ ವಲೆಟ್ಟಾದ ಗೋಡೆಯ ಬುಡಕ್ಕೆ ಬಿಡುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಬರಾಕ್ಕಾ ಲಿಫ್ಟ್. 2012ರಲ್ಲಿ ಆಗಿದ್ದು, 58 ಮೀಟರ್ ಎತ್ತರ, ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು ಇಪ್ಪತ್ತು ಮಹಡಿ. ದೋಣಿ ಟಿಕೆಟ್ ತೋರಿಸಿದರೆ ಲಿಫ್ಟಿಗೆ ಬೇರೆ ದುಡ್ಡಿಲ್ಲ. ಬಾಗಿಲು ತೆರೆದರೆ ಅಪ್ಪರ್ ಬರಾಕ್ಕಾ ತೋಟ, ಅಂದರೆ ಗುಡ್ಡದ ನೆತ್ತಿ. ಒಂದು ಮೆಟ್ಟಿಲೂ ಹತ್ತದೆ! ಅಮ್ಮ ಹೊರಗೆ ಬಂದು, ಕೆಳಗೆ ನೀರು ನೋಡಿ, "ಇಷ್ಟೇನಾ?" ಅಂದರು. ನನ್ನ ಆರು ತಿಂಗಳ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟ್ ಅದೇ.

ಮಧ್ಯಾಹ್ನ 12ಕ್ಕೆ ಆ ತೋಟದ ಕೆಳಗಿನ ಸಾಲಿನಿಂದ ತೋಪು ಹಾರಿಸುತ್ತಾರೆ, ಸಂಜೆ 4ಕ್ಕೆ ಇನ್ನೊಮ್ಮೆ. ಮೇಲಿನಿಂದ ನೋಡೋದು ಬಿಟ್ಟಿ. ಕಟ್ಟೆಯ ಹತ್ತಿರ ಜಾಗ ಬೇಕಾದರೆ ಅರ್ಧ ಗಂಟೆ ಮೊದಲು ಹೋಗಬೇಕು. ಕೂತೇ ನೋಡಲು ಒಂದು ಕಡೆ ಜಾಗ ಇದೆ. ಎಲ್ಲಿ ಅಂತ ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ನಮಗೇ ಸಿಗಲ್ಲ.

ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚ್‌ಗೆ ಟಿಕೆಟ್ ತಲಾ 15 ಯೂರೋ ಆಸುಪಾಸು, ಹಿರಿಯರಿಗೆ ಕಮ್ಮಿ. ಭಾನುವಾರ ಪ್ರವಾಸಿಗರನ್ನು ಬಿಡುವುದಿಲ್ಲ. ನಾನು ಭಾನುವಾರವೇ ಹಾಕಿಕೊಂಡಿದ್ದೆ, ಹೊರಡುವ ಹಿಂದಿನ ವಾರ ಕಣ್ಣಿಗೆ ಬಿತ್ತು. ಒಳಗೆ ನೆಲದ ತುಂಬ ನೈಟ್‌ಗಳ ಸಮಾಧಿ, ನಾನೂರರಷ್ಟು ಬಣ್ಣಬಣ್ಣದ ಅಮೃತಶಿಲೆಯ ಹಾಸು. "ಸಮಾಧಿ ಮೇಲೆ ಕಾಲಿಡೋದಾ?" ಅಂತ ಅಮ್ಮ ಗೋಡೆ ಪಕ್ಕದಲ್ಲೇ ನಡೆದರು. ಇಟಲಿಯ ಚಿತ್ರಗಾರ ಕರವಾಜಿಯೋ 1608ರಲ್ಲಿ ಬರೆದ, ಸಂತ ಜಾನ್‌ನ ತಲೆ ಕಡಿಯುವ ದೊಡ್ಡ ಚಿತ್ರದ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಸಂತ ಜಾನ್‌ನ ಕತ್ತಿನಿಂದ ಹರಿದ ರಕ್ತದಲ್ಲೇ ಚಿತ್ರಗಾರನ ಸಹಿ ಇದೆ. ಅವನು ಸಹಿ ಹಾಕಿದ ಚಿತ್ರ ಅದೊಂದೇ. ಇಪ್ಪತ್ತೈದು ನಿಮಿಷದ ಲೆಕ್ಕ ಅಲ್ಲಿ ತಪ್ಪಿತು, ನಾನೂ ಎಚ್ಚರಿಸಲಿಲ್ಲ.

ಎರಡು ಕಡೆ ನನ್ನ ನಕ್ಷೆ ಸೋತಿತು. ಒಂದು ದಿನ ಈಶಾನ್ಯದ ಗಾಳಿ ಎದ್ದು ದೋಣಿ ನಿಂತಿತು. ಬಸ್ಸು ಹಿಡಿದು ಊರ ಬಾಗಿಲಿನ ಟ್ರೈಟನ್ ಕಾರಂಜಿಗೆ ಬಂದೆವು. ಅದೂ ನೆತ್ತಿಯ ಮಟ್ಟದಲ್ಲೇ ಇರುವುದರಿಂದ ಬಚಾವ್. ಚಳಿಗಾಲದ ಬಸ್ ದರ 2 ಯೂರೋ, ಎರಡು ಗಂಟೆ ಓಡುತ್ತದೆ. ಇನ್ನೊಂದು ಸೋಲು ನನ್ನ ಹಟದ್ದು. ಸ್ಲೀಮಾ ದೋಣಿ ಊರಿನ ಇನ್ನೊಂದು ಪಕ್ಕದಿಂದ ಹೊರಡುತ್ತದೆ, ಅಲ್ಲಿಗೆ ಲಿಫ್ಟ್ ಇಲ್ಲ. ನಿಧಾನಕ್ಕೆ ಇಳಿದರಾಯಿತು ಅಂದೆ. ಬರುವಾಗ ಬಸ್ಸಲ್ಲೇ ಬಂದೆವು, ಆದರೂ ಮಾರನೇ ದಿನ ಅಮ್ಮ ಮುಲಾಮು ಹಚ್ಚಿಕೊಂಡು ಮನೆಯಲ್ಲೇ ಕೂತರು. ಒಂದು ದಿನದ ಖರ್ಚು ದಂಡ.

ಆ ದಿನ ನಾನು ಕಾಫಿ ಪ್ರಯೋಗಕ್ಕೆ ಇಳಿದೆ. ಫಿಲ್ಟರ್, ಪುಡಿ ಎಲ್ಲ ಮೈಸೂರಿಂದಲೇ ಒಯ್ದಿದ್ದೆ. ಅಲ್ಲಿ ನಲ್ಲಿಗೆ ಬರುವ ನೀರಲ್ಲಿ ಬಹುಪಾಲು ಸಮುದ್ರದ ನೀರನ್ನು ಸಿಹಿ ಮಾಡಿದ್ದು. ಡಿಕಾಕ್ಷನ್‌ಗೆ ಒಂಥರಾ ಚಪ್ಪೆ ಉಪ್ಪು ರುಚಿ. ಬಾಟಲ್ ನೀರಲ್ಲಿ ಇಳಿಸಿದರೆ ಸರಿಹೋಯಿತು. ಅದಕ್ಕೂ ಮೊದಲು ಕೆಟಲ್ ಪ್ಲಗ್ಗಿನ ಗೋಳು. ಯೂರೋಪ್ ಅಂತ ದುಂಡು ಪಿನ್ನಿನ ಅಡಾಪ್ಟರ್ ಮೂರು ಕೊಂಡಿದ್ದೆ. ಮಾಲ್ಟಾ 1964ರವರೆಗೆ ಬ್ರಿಟಿಷರದ್ದು. ಅಲ್ಲಿ ಇವತ್ತಿಗೂ ಚಪ್ಪಟೆ ಪಿನ್ನಿನ ಬ್ರಿಟಿಷ್ ಪ್ಲಗ್ಗು. ಸುಮ್ನೆ ಒಂಬೈನೂರು ರೂಪಾಯಿ ಹೋಯಿತು.

ಊಟಕ್ಕೆ ಬಟಾಣಿ ಪಸ್ಟಿಟ್ಸಿ ಕಾಪಾಡಿತು. ಪದರ ಪದರ ಬಿಡುವ, ನಮ್ಮ ಪಫ್ಸ್‌ಗೆ ದೊಡ್ಡಪ್ಪನ ಮಗ ಅನ್ನಬಹುದಾದ ತಿಂಡಿ. ಒಂದಕ್ಕೆ ಅರ್ಧ ಯೂರೋ ಚಿಲ್ಲರೆ. ಆದರೆ ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಯೇ ತಿನ್ನಿ. ನಮಗೆ ಒಪ್ಪುವ ಅಂಗಡಿ ಮೂರನೇ ಪ್ರಯತ್ನಕ್ಕೆ ಸಿಕ್ಕಿತು.

ಬಂದರು ನೋಡುತ್ತಾ ಕೂತಾಗ ಅಮ್ಮನಿಗೆ ಒಂದು ಕಥೆ ಹೇಳಿದೆ. 1878ರಲ್ಲಿ ರಷ್ಯಾಗೆ ಬೆದರಿಕೆ ತೋರಿಸಲು ಬ್ರಿಟಿಷರು ಭಾರತದಿಂದ ಏಳು ಸಾವಿರದಷ್ಟು ಸೈನಿಕರನ್ನು ಈ ದ್ವೀಪಕ್ಕೆ ಕರೆಸಿದ್ದರು. ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನಾ ಎಂಜಿನಿಯರ್ ದಳದವರೂ ಅದರಲ್ಲಿದ್ದರು. "ಅವ್ರಿಗೆ ಲಿಫ್ಟ್ ಇರ್ಲಿಲ್ವಲ್ಲೋ ಪಾಪ" ಅಂದರು ಅಮ್ಮ.

ಒಟ್ಟು ಖರ್ಚು ಮೂರು ಲಕ್ಷ ಇಪ್ಪತ್ತು ಸಾವಿರದ ಹತ್ತಿರ. ವಿಮಾನವೇ ಒಂದೂ ಮುಕ್ಕಾಲು ಲಕ್ಷ. ದಂಡವಾಗಿದ್ದೆಲ್ಲ ಸೇರಿಸಿದರೂ ಏಜೆಂಟ್ ಹೇಳಿದ್ದರಲ್ಲಿ ಒಂದೂ ಮುಕ್ಕಾಲು ಲಕ್ಷಕ್ಕೂ ಜಾಸ್ತಿ ಉಳಿಯಿತು. ವಿಮಾನದ ಟಿಕೆಟ್ ಆ ಬೆಲೆಗೆ ಹೇಗೆ ಸಿಕ್ಕಿತು ಅಂತ ಕೇಳಬೇಡಿ.

ಭಾವನಿಗೂ ಈಗ ಮೊಣಕಾಲು ನೋವು ಶುರುವಾಗಿದೆ. ಮಾರ್ಚ್‌ನಲ್ಲಿ ಅಕ್ಕನ ಜೊತೆ ಅಲ್ಲಿಗೇ ಹೊರಟಿದ್ದಾರೆ. ಹೋದ ವಾರ ಫೋನ್ ಮಾಡಿ ನಕ್ಷೆ ಕೇಳಿದರು. ಕಳಿಸಿದ್ದೇನೆ, ಹಸಿರು ಚುಕ್ಕೆಗಳಲ್ಲಿ ಒಂದನ್ನು ಅಳಿಸಿ.