ಮುಧೋಳದ ಮರಿಗೆ ಹೆಸರು ಹುಡುಕಿದ್ದು

ಮುಧೋಳ ನಾಯಿಮರಿ ಮನೆಗೆ ಬಂತು ಅಂದರೆ ಮೊದಲ ಜಗಳ ಹೆಸರಿನದ್ದೇ. ಏನು ತಿನ್ನಿಸಬೇಕು, ಎಲ್ಲಿ ಮಲಗಿಸಬೇಕು ಅನ್ನೋದೆಲ್ಲ ಆಮೇಲೆ. ನಮ್ಮ ಮನೆಯಲ್ಲೂ ಹಾಗೇ ಆಯ್ತು. ಅಮ್ಮನದು ಒಂದು ಹೆಸರು, ತಮ್ಮನದು ಇನ್ನೊಂದು. ಮಗಳಂತೂ ಫೋನಿನಲ್ಲಿ ಪಟ್ಟಿಯನ್ನೇ ಮಾಡಿಟ್ಟಿದ್ದಳು. ಬ್ರೂನೋ, ಲಿಯೋ, ಸಿಂಬಾ, ಮ್ಯಾಕ್ಸ್, ಚಾರ್ಲಿ. 2022ರಲ್ಲಿ '777 ಚಾರ್ಲಿ' ಸಿನಿಮಾ ಬಂದ ಮೇಲೆ ಬೆಂಗಳೂರಿನ ಯಾವ ಪಾರ್ಕಿನಲ್ಲಾದರೂ ಚಾರ್ಲಿ ಅಂತ ಕೂಗಿ ನೋಡಿ, ಯಾವುದಾದರೂ ಒಂದು ನಾಯಿ ಬಾಲ ಅಲ್ಲಾಡಿಸಿಕೊಂಡು ಬಂದೇ ಬರುತ್ತೆ.

ಮರಿ ಕೊಟ್ಟವರು ಬಾಗಲಕೋಟೆ ಕಡೆಯವರು, ತಲೆಮಾರಿನಿಂದ ಈ ನಾಯಿ ಸಾಕಿದವರು. ಏನು ಹೆಸರಿಡಲಿ ಅಂತ ಅವರನ್ನೇ ಕೇಳಿದೆ. "ಏನರ ಇಡ್ರಿ. ಕರದ್ರ ತಿರಗಿ ನೋಡೂವಂಗ ಇರಬೇಕ್ ನೋಡ್ರಿ, ಅಷ್ಟ" ಅಂದರು. ಆಗ ಇದು ತಮಾಷೆಗೆ ಹೇಳಿದ ಮಾತು ಅನ್ನಿಸಿತ್ತು. ಕೊನೆಗೆ ನಾನು ಹೆಸರು ಆರಿಸಿದ್ದು ಅದೇ ಲೆಕ್ಕದಲ್ಲಿ.

ಮುಧೋಳ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ಮೂಗಿನ ಕೆಲಸ ಅದಕ್ಕೆ ಕಡಿಮೆ. ದೂರದಲ್ಲಿ ಏನೋ ಒಂದು ಚೂರು ಅಲುಗಾಡಿದರೆ ಸಾಕು, ಮೈಯೆಲ್ಲ ಬಿಗಿಯಾಗುತ್ತೆ. ಮರುಕ್ಷಣ ಓಟ. ಒಮ್ಮೆ ಓಟ ಶುರುವಾಯ್ತೋ, ಆಮೇಲೆ ನೀವು ಯಾರೋ ಅದು ಯಾರೋ. ಲ್ಯಾಬ್ರಡಾರ್ ಸಾಕಿದವರು ಈ ಮಾತನ್ನು ನಂಬಲ್ಲ. ಅವರಿಗೆ ಹೆಸರು ಹೇಗಿದ್ದರೂ ನಡೆಯುತ್ತೆ ಬಿಡಿ, ಬಿಸ್ಕತ್ ಡಬ್ಬದ ಸದ್ದು ಸಾಕು.

ಬೆಂಗಳೂರಿನಲ್ಲಿ ಬೇಟೆ ಎಲ್ಲಿಂದ ಬರಬೇಕು? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹಿಡಿಯೋದೂ ಅಪರಾಧ. ಹೆಸರಘಟ್ಟದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ ನಾಯಿ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳಿವೆ. ಇಲ್ಲಿ ನಮ್ಮ ನಾಯಿ ಅಟ್ಟಿಸಿಕೊಂಡು ಹೋಗೋದು ಬೆಕ್ಕು, ಅಳಿಲು, ಹಾರಾಡುವ ಪ್ಲಾಸ್ಟಿಕ್ ಕವರ್ ಮತ್ತು ಡೆಲಿವರಿ ಬೈಕುಗಳನ್ನು. ಹಾಗಾಗಿ ನಗರದಲ್ಲಿ ಬೇಟೆನಾಯಿಯ ಹೆಸರಿಗೆ ಇರುವ ಕೆಲಸ ಒಂದೇ: ನೋಡಿದ್ದಕ್ಕೂ ಓಡುವುದಕ್ಕೂ ನಡುವೆ ಇರುವ ಆ ಒಂದು ಕ್ಷಣದಲ್ಲಿ ಕಿವಿಗೆ ಬಿದ್ದು, ತಲೆ ತಿರುಗಿಸಬೇಕು. ನಾಲ್ಕು ಅಕ್ಷರದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾಯಿ ರಸ್ತೆ ದಾಟಿರುತ್ತೆ.

ದೊಡ್ಡ ದೊಡ್ಡ ಹೆಸರುಗಳನ್ನು ಮೊದಲೇ ತೆಗೆದುಹಾಕಿದೆ. ಈ ತಳಿಗೆ ರಾಜಮನೆತನದ ನಂಟಿದೆ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಇದನ್ನು ಉಳಿಸಿ ಬೆಳೆಸಿದವರು. 2005ರಲ್ಲಿ ಇದರ ಚಿತ್ರ ಅಂಚೆಚೀಟಿಯ ಮೇಲೂ ಬಂತು. ಅದಕ್ಕೇ ಮುಧೋಳ ತಂದವರಿಗೆಲ್ಲ ರಾಜರ ಹೆಸರೇ ಬೇಕು. ಗೆಳೆಯರೊಬ್ಬರು "ಮಯೂರ ಅಂತ ಇಡ್ರೀ, ಇಲ್ಲಾಂದ್ರೆ ಪುಲಕೇಶಿ" ಅಂದರು. ಮಯೂರ ಅನ್ನೋ ಹುಡುಗ ನಮ್ಮ ಎದುರು ಮನೆಯಲ್ಲೇ ಇದ್ದಾನೆ. ಅವನ ಅಮ್ಮನ ಎದುರು "ಮಯೂರಾ, ಕಸ ತಿನ್ನಬೇಡ" ಅಂತ ನಾನು ಕೂಗೋದು ಹೇಗೆ? ಇನ್ನು ಇತಿಹಾಸದ ಯಾವ ರಾಜನಾದರೂ ಇವತ್ತು ಯಾರಿಗಾದರೂ ದೇವರೇ. ಪಾರ್ಕಿನಲ್ಲಿ ಜಗಳ ಮಾಡಿಕೊಳ್ಳೋಕೆ ಬೇರೆ ಕಾರಣಗಳು ಬೇಕಾದಷ್ಟಿವೆ.

ನನ್ನ ಮನಸ್ಸಿನಲ್ಲಿ ಇದ್ದದ್ದು ಕಾಳಿ. ಅದಕ್ಕೆ ಕಾರಣ ಒಂದು ಕಲ್ಲು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಹತ್ತನೇ ಶತಮಾನದ ನಡುವಿನದು. ಕಬ್ಬನ್ ಪಾರ್ಕಿಗೆ ಹೋಗುವವರು ಎಷ್ಟೋ ಜನ ಅದರ ಪಕ್ಕದಲ್ಲೇ ನಾಯಿ ಹಿಡಿದುಕೊಂಡು ಓಡಾಡುತ್ತಾರೆ, ಒಳಗೆ ಇಂಥದ್ದೊಂದು ಇದೆ ಅನ್ನೋದು ಗೊತ್ತಿರಲ್ಲ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಜೊತೆ ಮಣಲೇರ ಅನ್ನುವ ಸರದಾರ ಹೋರಾಡಿದ. ರಾಷ್ಟ್ರಕೂಟರ ಮೂರನೇ ಕೃಷ್ಣ ಮೆಚ್ಚಿ, ಏನು ಬೇಕೋ ಕೇಳಿಕೋ ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಈ ಮಹಾರಾಯ ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನ! ಆಮೇಲೆ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿ, ನಾಯಿ ಎರಡೂ ಸತ್ತವು. ನಾಯಿಗಾಗಿ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ, ಹಂದಿ ಮುಖಾಮುಖಿಯಾಗಿ ಕಾದಾಡುವ ಕೆತ್ತನೆ ಇದೆ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಬರುತ್ತೆ ಅಂತ ಅಲ್ಲಿನ ಗೊರವನಿಗೆ, ಅಂದರೆ ದೇವಸ್ಥಾನದ ಪೂಜಾರಿಗೆ, ಎಚ್ಚರಿಕೆಯನ್ನೂ ಕೆತ್ತಿಸಿದ್ದಾರೆ. ಇದಕ್ಕಿಂತ ಒಳ್ಳೆಯ ಹೆಸರು ಬೇಟೆನಾಯಿಗೆ ಎಲ್ಲಿ ಸಿಗುತ್ತೆ, ಹೇಳಿ.

ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. "ದೇವಿ ಹೆಸರಿಟ್ಟು, ಬೀದೀಲಿ ನಿಂತ್ಕೊಂಡು, ಕಾಳೀ ಬೇಗ ಉಚ್ಚೆ ಮಾಡು ಅಂತೀಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೂ ಅಲ್ಲದೆ ನಮ್ಮ ಮರಿ ಕೆನೆಬಣ್ಣದ್ದು. ಎದೆಯ ಮೇಲೆ ಒಂದು ಬಿಳಿ ಮಚ್ಚೆ ಬಿಟ್ಟರೆ ಮೈಯೆಲ್ಲ ಒಂದೇ ಬಣ್ಣ.

ಆದರೆ ಕಾಳಿ ಅನ್ನೋ ಹೆಸರಿನ ಅಳತೆ ನನ್ನ ತಲೆಯಲ್ಲಿ ಉಳಿಯಿತು. ಎರಡೇ ಅಕ್ಷರ. ಶುರುವಿನಲ್ಲೇ ಗಟ್ಟಿ ಸದ್ದು. ಕೊನೆಯಲ್ಲಿ ಎಳೆಯೋಕೆ ಸ್ವರ. ಸುಮಾರು 2400 ವರ್ಷದ ಹಿಂದೆ ಗ್ರೀಸಿನ ಕ್ಸೆನೊಫೋನ್ ಬೇಟೆನಾಯಿಗಳ ಬಗ್ಗೆ ಬರೆಯುತ್ತಾ ಇದನ್ನೇ ಹೇಳಿದ್ದ: ಹೆಸರು ಚಿಕ್ಕದಿರಲಿ, ಕೂಗೋಕೆ ಸುಲಭ ಇರಲಿ. ಜೊತೆಗೆ 40ಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಕೊಟ್ಟಿದ್ದಾನೆ. ಎಲ್ಲವೂ ಎರಡೆರಡು ಅಕ್ಷರದವೇ. ಆ ಗ್ರೀಕನಿಗೂ ನಮ್ಮ ಮಣಲೇರನ ಕಾಲಕ್ಕೂ ಏನೂ ಸಂಬಂಧ ಇಲ್ಲ. ನಾಯಿ ಹಿಂದೆ ಓಡಿ ಗಂಟಲು ಹರಿದುಕೊಂಡವರು ಮಾತ್ರ ಎಲ್ಲ ಕಡೆ ಒಂದೇ ಅನ್ನಿಸುತ್ತೆ.

ಕೊನೆಗೆ ನಮ್ಮ ಹತ್ತಿರ ಉಳಿದದ್ದು ಬಾಣ, ಮಿಂಚು, ಗಾಳಿ, ವೇಗ, ನೀಲಿ, ಚುಕ್ಕಿ. ಇವನ್ನು ಮೊದಲು ಮನೆಯ ಮಾತಿನ ಜೊತೆ ಹೋಲಿಸಿ ನೋಡಿದೆ. ನಾಯಿಗೆ ನಾವು ದಿನಾ ಹೇಳುವ ಮಾತುಗಳು ಬಾ, ಕೂತ್ಕೋ, ನಿಲ್ಲು, ಬಿಡು, ಬೇಡ. ಬಾಣ ಅಂದರೆ ಮೊದಲ ಅಕ್ಷರಕ್ಕೇ "ಬಾ" ಆಗಿಬಿಡುತ್ತೆ. ನೀಲಿ ಅಂದರೆ ನಿಲ್ಲು ಅಂದ ಹಾಗೆ ಕೇಳುತ್ತೆ. ಇಂಗ್ಲಿಷಿನಲ್ಲಿ ಕಲಿಸುವವರು "ನೋ" ಅಂತಾರೆ, ನಾಯಿ ಹೆಸರು ಬ್ರೂನೋ. ಪಾಪ, ಅದು ಏನು ಅಂದುಕೊಳ್ಳಬೇಕು? ಗಾಳಿಯದು ಬೇರೆ ಕಥೆ. "ಗಾಳಿ ಜಾಸ್ತಿ ಬರ್ತಿದೆ, ಕಿಟಕಿ ಹಾಕು", "ಸ್ಕೂಟರಿಗೆ ಗಾಳಿ ಹಿಡಿಸು" ಅಂತ ದಿನವಿಡೀ ಮನೆಯಲ್ಲಿ ಆ ಮಾತು ಬರುತ್ತಲೇ ಇರುತ್ತೆ. ಸುಮ್ನೆ ಬಳಕೆಯಾಗುವ ಮಾತನ್ನು ಹೆಸರಾಗಿ ಇಟ್ಟರೆ ನಾಯಿ ಅದಕ್ಕೆ ಕಿವಿಗೊಡುವುದನ್ನೇ ಬಿಡುತ್ತೆ.

ಆಮೇಲೆ ಮೈದಾನದ ಪರೀಕ್ಷೆ. ಇದನ್ನು ನಾಯಿ ಇಲ್ಲದೇ ಮಾಡಬಹುದು, ಮಾಡಲೇಬೇಕು ಅಂತ ನನ್ನ ಅಭಿಪ್ರಾಯ. ಕನಕಪುರ ರಸ್ತೆ ಕಡೆ ಪರಿಚಯದವರ ಮಾವಿನ ತೋಪಿದೆ, ಸುತ್ತ ತಂತಿ ಬೇಲಿ. ತಮ್ಮನನ್ನು ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದೆ. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುವ ಹಾಗೆ ನಾನು ನಿಂತೆ. ನಿಜವಾಗಿ ಕಷ್ಟ ಬರೋದು ಹಾಗೆ ನಿಂತಾಗಲೇ. ಒಂದೊಂದೇ ಹೆಸರನ್ನು ಒಂದೇ ಸಲ ಕೂಗಿದೆ. ಅವನು ಕೇಳಿಸಿದ್ದನ್ನು ವಾಪಸ್ ಕೂಗಬೇಕು.

ಮಿಂಚು ಅಂದೆ. "ಅಂಜೂನಾ?" ಅಂದ. ವೇಗ ಅಂದೆ. "ಏನೋ?" ಅಂತ ಬಂತು. ಗಾಳಿ ಅಂದದ್ದಕ್ಕೆ ಕಾಳಿ ಅಂದ. ಚುಕ್ಕಿ ಅಂದಾಗ ಮಾತ್ರ ಸರಿಯಾಗಿ "ಚುಕ್ಕಿ" ಅಂತಲೇ ತಿರುಗಿ ಬಂತು. ಮಗಳು ಕೂಗಿದಾಗಲೂ ಅಷ್ಟೇ. ಮಗಳನ್ನು ಯಾಕೆ ಕರೆದುಕೊಂಡು ಹೋದೆ ಅಂದರೆ, ಹೆಂಗಸರು, ಮಕ್ಕಳು, ಗಂಡಸರು ಕೂಗುವ ದನಿ ಬೇರೆ ಬೇರೆ. ಎಲ್ಲರ ಬಾಯಲ್ಲೂ ಹೆಸರು ಉಳಿಯಬೇಕು.

ಯಾಕೆ ಹೀಗೆ ಅಂತ ಆಮೇಲೆ ಯೋಚನೆ ಮಾಡಿದೆ. ಮ, ನ, ವ ಇಂಥವು ಮೆತ್ತಗಿನ ಸದ್ದು, ದೂರ ಹೋಗುವಷ್ಟರಲ್ಲಿ ಗಾಳಿಯಲ್ಲಿ ಕರಗುತ್ತವೆ. ಕ, ಚ, ಟ ಕತ್ತರಿಸಿದ ಹಾಗೆ ಶುರುವಾಗುತ್ತವೆ. ಒತ್ತಕ್ಷರ ಇದ್ದರೆ ನಡುವೆ ಒಂದು ಚಿಕ್ಕ ತಡೆ ಬಿದ್ದು ಇನ್ನೂ ಸ್ಪಷ್ಟ. ಕೊನೆಗೆ ಸ್ವರ ಇದ್ದರೆ "ಚುಕ್ಕೀ..." ಅಂತ ಉಸಿರಿರುವಷ್ಟು ಎಳೆಯಬಹುದು. ಮ್ಯಾಕ್ಸ್ ಅನ್ನೋದನ್ನ ಎಳೆಯಿರಿ ನೋಡೋಣ, ಕುಕ್ಕರ್ ಸೀಟಿಯ ಮುಂಚಿನ ಸದ್ದೇ ಬರೋದು. ಕನ್ನಡದ ಹೆಸರುಗಳಲ್ಲಿ ಬಹುತೇಕ ಎಲ್ಲವೂ ಸ್ವರದಲ್ಲೇ ಮುಗಿಯೋದರಿಂದ ಈ ಅನುಕೂಲ ನಮಗೆ ಪುಕ್ಕಟೆ ಸಿಗುತ್ತೆ. ಗಂಡು ಮರಿಯಾಗಿದ್ದರೆ ನಾನು ಕೆಂಚ ಅಂತಲೋ ಭೈರ ಅಂತಲೋ ಇಡುತ್ತಿದ್ದೆ. ಹಳ್ಳಿಯ ಕರಿಯ, ಕೆಂಚ ಅಂದರೆ ಅಪಾರ್ಟ್‌ಮೆಂಟಿನವರು ನಗುತ್ತಾರೆ. ನಗಲಿ. ಹೊಲದಲ್ಲಿ ಕೂಗಿ ಕೂಗಿ ಉಳಿದ ಹೆಸರುಗಳು ಅವು.

ಚುಕ್ಕಿಗೆ ಇನ್ನೊಂದು ಅನುಕೂಲವೂ ಇತ್ತು. ನಮ್ಮ ಗೇಟಿನ ಸೆಕ್ಯುರಿಟಿಯವರು ಒಡಿಶಾದವರು, ಮನೆಕೆಲಸಕ್ಕೆ ಬರುವ ಅಕ್ಕನ ಮನೆಮಾತು ತೆಲುಗು. ಬೆಂಗಳೂರಿನಲ್ಲಿ ನಾಯಿ ಗೇಟಿನಿಂದ ತಪ್ಪಿಸಿಕೊಂಡರೆ ಮೊದಲು ಕೂಗೋದು ಅವರೇ. ಇಬ್ಬರೂ ಮೊದಲ ದಿನವೇ ಸರಿಯಾಗಿ ಕರೆದರು. ಎದೆಯ ಮಚ್ಚೆಗೂ ಹೊಂದಿತು. ಅಮ್ಮನೂ ಒಪ್ಪಿದರು.

ಹೆಸರು ಇಟ್ಟರೆ ಕೆಲಸ ಅರ್ಧ ಮಾತ್ರ. ಅದು ಕಿವಿಗೆ ಬಿದ್ದರೆ ಒಳ್ಳೆಯದೇ ಆಗುತ್ತೆ ಅಂತ ನಾಯಿಗೆ ಅನ್ನಿಸಬೇಕು. ಬೇಯಿಸಿದ ಕೋಳಿಯ ಚಿಕ್ಕ ಚೂರುಗಳನ್ನು ಜೇಬಿನಲ್ಲಿಟ್ಟುಕೊಂಡು, ಅವಳು ಬೇರೆ ಕಡೆ ನೋಡುವಾಗ ಒಂದೇ ಸಲ "ಚುಕ್ಕಿ". ತಿರುಗಿದ ಕೂಡಲೇ ಚೂರು ಬಾಯಿಗೆ. ಎರಡನೇ ಸಲ ಕೂಗುವ ಹಾಗಿಲ್ಲ. ಹತ್ತು ಸಲ ಕರೆದರೆ ಹತ್ತನೆಯದಕ್ಕೆ ತಿರುಗಿದರೆ ಸಾಕು ಅಂತ ಅದು ಕಲಿಯುತ್ತೆ. ಹೆಸರು ಹೇಳಿದರೆ ನನ್ನ ಕಡೆ ನೋಡು ಅಂತ, ಆಮೇಲೆ "ಬಾ" ಅಂದರೆ ಬಾ ಅಂತ. ಎರಡೂ ಬೇರೆ ಬೇರೆ ಮಾತು.

ಬೈಯುವಾಗ ಹೆಸರು ಬೇಡ. ಮನೆಯಲ್ಲಿ ಇದನ್ನು ಜಾರಿಗೆ ತರೋಕೆ ಸಾಕುಸಾಕಾಯ್ತು. ಚಪ್ಪಲಿ ಕಚ್ಚಿದಾಗೆಲ್ಲ ಅಮ್ಮನ ಬಾಯಿಂದ "ಚುಕ್ಕೀ, ಬಿಡೇ ಅದನ್ನ!" ಕೊನೆಗೆ ಬೈಗುಳಕ್ಕೆ "ಏಯ್" ಅಂತ ತೀರ್ಮಾನ ಆಯ್ತು. ಈ ತಳಿಗೆ ಮುನಿಸು ಜಾಸ್ತಿ. ಗದರಿದರೆ ಮುಖ ಗೋಡೆ ಕಡೆ ಮಾಡಿಕೊಂಡು ಮಲಗಿಬಿಡುತ್ತೆ, ಊಟಕ್ಕೂ ಏಳಲ್ಲ. ಎರಡನೇ ಶತಮಾನದ ಗ್ರೀಕ್ ಲೇಖಕ ಅರಿಯನ್ ಕೂಡ ಇಂಥ ಓಟದ ನಾಯಿಗಳನ್ನೇ ಸಾಕಿದವನು. ಅವನ ನಾಯಿಯ ಹೆಸರು ಹಾರ್ಮೆ. ಓಟ ಮುಗಿಸಿ ಬಂದ ನಾಯಿಯ ತಲೆ ಸವರಿ, ಹೆಸರು ಹಿಡಿದು ಹೊಗಳಬೇಕು, ಹೊಗಳಿಕೆ ಅವಕ್ಕೆ ಇಷ್ಟ ಅಂತ ಬರೆದಿದ್ದಾನೆ. ಚುಕ್ಕಿಯ ವಿಷಯದಲ್ಲಿ ನೂರಕ್ಕೆ ನೂರು ನಿಜ.

ಹೊರಗೆ ಅಭ್ಯಾಸ ಮಾಡಿಸೋದು ಅದೇ ಮಾವಿನ ತೋಪಿನಲ್ಲಿ, ಉದ್ದ ಹಗ್ಗ ಕಟ್ಟಿಯೇ. ಒಂದು ಸಂಜೆ ಮರದ ಬುಡದಲ್ಲಿ ಅಳಿಲು ಕಂಡಿತು. ಚುಕ್ಕಿ ನಿಂತುಬಿಟ್ಟಳು. ಮುಂದಿನ ಒಂದು ಕಾಲು ಮೇಲೆ, ಬಾಲ ನೆಟ್ಟಗೆ, ತೊಡೆಯ ಚರ್ಮ ಅದುರುತ್ತಿತ್ತು. "ಚುಕ್ಕಿ" ಅಂದೆ. ಕಣ್ಣು ಅಳಿಲಿನ ಮೇಲೇ ಇತ್ತು, ಆದರೆ ಒಂದು ಕಿವಿ ನನ್ನ ಕಡೆ ತಿರುಗಿತು. ಆಮೇಲೆ ತಲೆ. ಎತ್ತಿದ ಕಾಲು ಕೆಳಗಿಟ್ಟಳು. ಕೋಳಿ ಚೂರು ಒಂದಲ್ಲ, ಮುಷ್ಟಿಯಲ್ಲಿದ್ದದ್ದಷ್ಟೂ ಕೊಟ್ಟೆ. ಇಷ್ಟಾದರೂ ರಸ್ತೆಯಲ್ಲಿ ಹಗ್ಗ ಬಿಚ್ಚುವ ಮಾತೇ ಇಲ್ಲ. ಓಟ ಶುರುವಾದ ಮೇಲೆ ಯಾವ ಹೆಸರೂ ಕೆಲಸಕ್ಕೆ ಬರಲ್ಲ.

ಕಾಗದದ ಹೆಸರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ನೋಂದಾಯಿಸಿದರೆ ಈ ತಳಿಯ ಹೆಸರೇ ಕಾರವಾನ್ ಹೌಂಡ್ ಅಂತ ಬರುತ್ತೆ, ಮುಧೋಳ ಅಂತ ಬರಲ್ಲ. ಅಲ್ಲಿ ಮಯೂರ, ಪುಲಕೇಶಿ ಏನು ಬೇಕಾದರೂ ಬರೆಸಿಕೊಳ್ಳಿ. ಲಸಿಕೆ ಕಾರ್ಡಿನಲ್ಲೂ ಲೈಸೆನ್ಸಿನಲ್ಲೂ ಮಾತ್ರ ಒಂದೇ ಹೆಸರಿರಲಿ, ಇಲ್ಲಾಂದ್ರೆ ಆಮೇಲೆ ಓಡಾಟ. ಕೊರಳಪಟ್ಟಿಯ ಬಿಲ್ಲೆಯಲ್ಲಿ ನಾನು ಫೋನ್ ನಂಬರ್ ಅಷ್ಟೇ ಹಾಕಿಸಿದ್ದೇನೆ. ಮುಧೋಳ ನಾಯಿ ಕದಿಯುವವರಿಗೆ ಹೆಸರನ್ನೂ ನಾವೇ ಹೇಳಿಕೊಡೋದು ಬೇಡ.

ಬೆಳೆದ ನಾಯಿಯನ್ನು ದತ್ತು ತೆಗೆದುಕೊಂಡವರು ಹೆಸರು ಬದಲಿಸಬಹುದಾ ಅಂತ ಆಗಾಗ ಕೇಳುತ್ತಾರೆ. ಹಳೆಯ ಹೆಸರಿಗೆ ತಿರುಗಿ ನೋಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ ಅಂತೀನಿ, ಅದು ಟಾಮಿ ಆಗಿದ್ದರೂ ಸರಿ. ಆ ಹೆಸರು ಕೇಳಿದರೆ ಬಾಲ ಕಾಲ ಸಂದಿಗೆ ಹೋಗುತ್ತಿದ್ದರೆ ಮಾತ್ರ ಬದಲಿಸಿ. ಆಗ ಹಳೆಯದನ್ನು ಪೂರ್ತಿ ಬಿಟ್ಟು, ಹೊಸ ಹೆಸರನ್ನು ಕೋಳಿ ಚೂರಿನ ಜೊತೆ ಮೊದಲಿಂದ ಕಲಿಸಬೇಕು.