ಜಿಝಡ್34 ಹೀಟರ್‌ಗೆ 5.6 ವೋಲ್ಟ್ ಬರ್ತಿತ್ತು, ನಾನು ಇಳಿಸಿದ್ದು ಹೀಗೆ

ನನ್ನ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಮೊದ್ಲಿಂದ ಇದ್ದಿದ್ದು 5ಯು4ಜಿ ರೆಕ್ಟಿಫೈಯರ್, ಅಂದ್ರೆ ಎಸಿ ಕರೆಂಟನ್ನ ಡಿಸಿ ಮಾಡೋ ವಾಲ್ವ್. ಅದು ಬೇಗ ಬಿಸಿಯಾಗಿ ಮಿಕ್ಕ ವಾಲ್ವ್‌ಗಳು ಇನ್ನೂ ತಣ್ಣಗಿರುವಾಗ್ಲೇ ಪೂರ್ತಿ ಹೈ ವೋಲ್ಟೇಜ್ ಕೊಟ್ಟುಬಿಡ್ತಿತ್ತು, ನಂಗೆ ಅದು ಇಷ್ಟ ಇರ್ಲಿಲ್ಲ, ಅದಕ್ಕೆ ನಿಧಾನಕ್ಕೆ ಬಿಸಿಯಾಗೋ ಜಿಝಡ್34 ಹಾಕಿದೆ. ಸಾಕೆಟ್ ಅದೇ, ಪಿನ್ನೂ ಹೊಂದುತ್ತೆ. ಹೈ ವೋಲ್ಟೇಜ್ 20 ವೋಲ್ಟ್ ಜಾಸ್ತಿ ಆಯ್ತು, ಬಯಾಸ್ (ಔಟ್‌ಪುಟ್ ವಾಲ್ವ್ ಸುಮ್ನಿರುವಾಗ ಎಳೆಯೋ ಕರೆಂಟು) ಮತ್ತೆ ಸೆಟ್ ಮಾಡ್ಕೊಂಡೆ. ಆದ್ರೆ ರಾತ್ರಿ ಲೈಟ್ ಆರಿಸಿ ನೋಡಿದ್ರೆ ಹೀಟರ್ (ವಾಲ್ವ್ ಒಳಗೆ ಕಾಯೋ ತಂತಿ) ಯಾಕೋ ಜಾಸ್ತೀನೇ ಉರೀತಿದೆ ಅನ್ನಿಸ್ತು, ಅಳೆದ್ರೆ 5 ಇರ್ಬೇಕಾದಲ್ಲಿ 5.6 ವೋಲ್ಟ್! ಮನೆ ಕರೆಂಟು ಆಗ 240.

ಕಾರಣ ಟ್ರಾನ್ಸ್‌ಫಾರ್ಮರಲ್ಲಿತ್ತು. 5ಯು4ಜಿ 3 ಆಂಪಿಯರ್ ಎಳೆಯುತ್ತೆ, ವೈಂಡಿಂಗ್ ಸುತ್ತಿದ್ದೂ ಅದೇ ಲೆಕ್ಕಕ್ಕೆ. ಜಿಝಡ್34 ಎಳೆಯೋದು ಬರೀ 1.9, ಲೋಡ್ ಕಮ್ಮಿ ಆದ್ಮೇಲೆ ವೋಲ್ಟೇಜ್ ಮೇಲೆ ಹೋಗ್ಲೇಬೇಕಲ್ಲ. 5ಕ್ಕೆ 10 ಪರ್ಸೆಂಟ್ ಬಿಟ್ರೂ 5.5, ಇದು ಅದನ್ನೂ ದಾಟಿತ್ತು. ಹಾಗೇ ಬಿಟ್ರೆ ಎಲೆಕ್ಟ್ರಾನ್ ಹೊರಡಿಸೋ ಕ್ಯಾಥೋಡ್ ಮೇಲಿನ ಲೇಪ ಬೇಗ ಸವೆದು ವಾಲ್ವಿನ ಆಯಸ್ಸು ಕಮ್ಮಿ ಆಗುತ್ತೆ, ಇಷ್ಟು ದುಡ್ಡು ಕೊಟ್ಟು ತಂದ ವಾಲ್ವು, ಬಿಡೋಕೆ ಮನಸ್ಸಾಗ್ಲಿಲ್ಲ.

ಇಳಿಸ್ಬೇಕಾದ್ದು 0.6 ವೋಲ್ಟ್, 1.9ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 0.32 ಓಮ್ ರೆಸಿಸ್ಟರ್ ಬೇಕು. ಬೆಂಗಳೂರಿನ ಎಸ್.ಪಿ. ರೋಡಲ್ಲಿ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಅವತ್ತು 0.33 ಸಿಗ್ಲಿಲ್ಲ, 0.15 ಓಮ್ 5 ವ್ಯಾಟ್ ವೈರ್‌ವೌಂಡ್ ಸಿಕ್ತು, ಎರಡು ತಂದು ಸೀರೀಸಲ್ಲಿ ಹಾಕಿದೆ. ಮನೇಲಿ ಮೀಟರಿಟ್ರೆ ಒಂದೊಂದೂ 0.4 ತೋರಿಸ್ತು, ಅಂಗಡಿಯವ್ರು ಬೇರೇದು ಕೊಟ್ರು ಅಂದ್ಕೊಂಡೆ, ಆಮೇಲೆ ಬರೀ ಪ್ರೋಬ್ ಎರಡನ್ನೂ ಒಂದಕ್ಕೊಂದು ಸೇರಿಸಿದ್ರೇನೇ 0.25 ತೋರಿಸ್ತಿದೆ! ಇಷ್ಟು ಸಣ್ಣ ಓಮ್ ಸಾಮಾನ್ಯ ಮೀಟರಲ್ಲಿ ನಂಬ್ಬೇಡಿ, ಹಾಕಿದ್ಮೇಲೆ ಹೀಟರ್ ವೋಲ್ಟೇಜನ್ನೇ ನೋಡಿ.

ಹೀಟರ್ ಇರೋದು 2 ಮತ್ತು 8ನೇ ಪಿನ್ ಮಧ್ಯೆ, ರೆಸಿಸ್ಟರ್ ಹಾಕಿದ್ದು 2ನೇ ಪಿನ್ನಿಗೆ ಹೋಗೋ ವೈರಲ್ಲಿ. ಈ ವಾಲ್ವಲ್ಲಿ ಕ್ಯಾಥೋಡ್ 8ನೇ ಪಿನ್ನಿಗೆ ಸೇರಿರುತ್ತೆ, ಹೈ ವೋಲ್ಟೇಜ್ ಹೊರಡೋದೂ ಅಲ್ಲಿಂದಾನೇ, ಅದನ್ನ ಮುಟ್ಟೋದೇ ಬೇಡ ಅನ್ಕೊಂಡೆ.

ಇಲ್ಲಿ ದಯವಿಟ್ಟು ಹುಷಾರು. ಈ ಎರಡು ಪಿನ್ ಮಧ್ಯೆ 5 ವೋಲ್ಟೇ ಇರೋದು, ಆದ್ರೆ ಚಾಸಿಗೆ (ಆಂಪಿನ ಲೋಹದ ಮೈ) ಹೋಲಿಸಿದ್ರೆ ಅವೆರಡೂ, ಜೊತೆಗೆ ಆ ರೆಸಿಸ್ಟರ್‌ಗಳೂ, 400 ವೋಲ್ಟಿಗೂ ಮೇಲೆ ನಿಂತಿರುತ್ವೆ. ಅದಕ್ಕೇ ಲೋಹಕ್ಕೆ ತಾಗದಂಗೆ ಟ್ಯಾಗ್ ಸ್ಟ್ರಿಪ್ ಮೇಲೆ ಕೂರಿಸಿ ಕಾಲುಗಳಿಗೆ ಸ್ಲೀವ್ ಹಾಕಿದೆ. ಅಳೆಯುವಾಗ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಆಗಿದ್ಯಾ ನೋಡಿ, ಮೊಸಳೆ ಕ್ಲಿಪ್ ಸಿಕ್ಕಿಸಿ, ಆಮೇಲೆ ಆನ್ ಮಾಡಿ ದೂರ ನಿಂತೇ ಮೀಟರ್ ಓದಿದೆ.

ಹತ್ತು ನಿಮಿಷ ಬಿಟ್ಟು ನೋಡಿದ್ರೆ 5.03. ಮಧ್ಯಾಹ್ನ ನಮ್ಮಲ್ಲಿ ಕರೆಂಟು 225ಕ್ಕೆ ಇಳಿಯುತ್ತೆ, ಆಗ 4.7. ತೀರಾ ಕಮ್ಮಿ ಆದ್ರೂ ವಾಲ್ವಿಗೆ ಒಳ್ಳೇದಲ್ಲ, ಆದ್ರೆ 4.5ರ ಮೇಲೇ ಇದ್ಯಲ್ಲ ಅಂತ ಹಾಗೇ ಇಟ್ಟಿದೀನಿ.