ಟೆಸ್ಟರೇ ಶಾಕ್ ಹೊಡೆದ ದಿನ

ಮಲೆನಾಡಿನ ಹಳ್ಳಿಗಳಲ್ಲಿ ಮನೆ ವೈರಿಂಗ್ ಮಾಡಿ ಬದುಕುವವನು ನಾನು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಇರುತ್ತಿದ್ದ ಟೆಸ್ಟರಿನ ಮೇಲೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಕರೆಂಟ್ ಇದೆಯೇ ಎಂದು ತೋರಿಸಬೇಕಾದ ಸಾಧನವೇ ಕೈಗೆ ಕರೆಂಟ್ ಹರಿಸೀತೆಂದು ಯಾರು ಯೋಚಿಸುತ್ತಾರೆ?

ಒಂದು ಆಷಾಢದಲ್ಲಿ, ಮಿಕ್ಸಿ ತಿರುಗುತ್ತಿಲ್ಲವೆಂದು ಕರೆಸಿದ್ದ ಮನೆಗೆ ಹೋಗಿದ್ದೆ. ಅಡುಗೆಮನೆಯಾದ್ದರಿಂದ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದೆ. ಒಳಗಿನ ಸಿಮೆಂಟ್ ನೆಲ ಒದ್ದೆಯಾಗಿತ್ತು. ಸಾಕೆಟ್ಟಿನ ಫೇಸ್ ರಂಧ್ರಕ್ಕೆ ಟೆಸ್ಟರಿನ ತುದಿ ಇಟ್ಟು, ಹಿಂಬದಿಯ ಲೋಹದ ಟೊಪ್ಪಿಗೆ ಬೆರಳು ತಾಗಿಸಿದ ಕ್ಷಣದಲ್ಲಿ ಚೇಳು ಕುಟುಕಿದಂತಾಗಿ ಟೆಸ್ಟರ್ ಕೈಯಿಂದ ಹಾರಿ ಬಿತ್ತು. ತುದಿಯ ಕಂಬಿಗೆ ಬೆರಳು ತಗುಲಿರಬೇಕೆಂದು ಮೊದಲು ನನ್ನನ್ನೇ ಬೈದುಕೊಂಡೆ. ಆದರೆ ಕಂಬಿಯ ಮೇಲಿನ ಪ್ಲಾಸ್ಟಿಕ್ ಕೊಳವೆ ಎಲ್ಲೂ ಹರಿದಿರಲಿಲ್ಲ.

ಸಂಜೆ ಮನೆಗೆ ಬಂದು ಟೊಪ್ಪಿಯನ್ನು ತಿರುಚಿ ತೆಗೆದೆ. ಒಳಗಿರುವುದು ಮೂರೇ ವಸ್ತು: ಒಂದು ಸ್ಪ್ರಿಂಗ್, ಒಂದು ನಿಯಾನ್ ಬಲ್ಬ್, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್. ಟೆಸ್ಟರ್ ಉರಿಯುವಾಗ ಕರೆಂಟ್ ನಮ್ಮ ದೇಹದ ಮೂಲಕವೇ ನೆಲಕ್ಕೆ ಹೋಗುತ್ತದೆ. ಅದನ್ನು ನಮಗೆ ಗೊತ್ತಾಗದಷ್ಟು ಸಣ್ಣದಾಗಿಸುವುದು ಈ ರೆಸಿಸ್ಟರ್ ಒಂದೇ. ನನ್ನದರ ಮೇಲೆ ಕಂದು, ಕಪ್ಪು, ಹಸಿರು ಪಟ್ಟಿಗಳಿದ್ದವು, ಅಂದರೆ ಕರೆಂಟನ್ನು ತಡೆಯುವ ಅದರ ಅಳತೆ 10 ಲಕ್ಷ ಓಮ್. 230 ವೋಲ್ಟಿಗೆ ಇದರಲ್ಲಿ ಹರಿಯುವುದು ಒಂದು ಮಿಲಿಆಂಪಿಯರಿನ ಕಾಲುಭಾಗಕ್ಕಿಂತಲೂ ಕಡಿಮೆ.

ಟೆಸ್ಟರನ್ನು ಬಿಚ್ಚದೆ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೀಟರಿನ ಪುಟ್ಟ ಬ್ಯಾಟರಿಗೆ ನಿಯಾನ್ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ರೆಸಿಸ್ಟರನ್ನು ಹೊರತೆಗೆದೇ ಅಳೆದೆ. 10 ಲಕ್ಷದ ಜಾಗದಲ್ಲಿ ಮೀಟರ್ 38 ಸಾವಿರ ತೋರಿಸಿತು. ರೆಸಿಸ್ಟರಿನ ಮೈಮೇಲೆ ಅಂಟಂಟಾದ ಪೊರೆಯಿತ್ತು; ಮಳೆನೀರೂ ಜೇಬಿನ ಬೆವರಿನ ಉಪ್ಪೂ ಸೇರಿ, ಕರೆಂಟ್ ರೆಸಿಸ್ಟರನ್ನು ತಪ್ಪಿಸಿ ಹೋಗುವ ಒಳದಾರಿ ಮಾಡಿಕೊಟ್ಟಿದ್ದವು. ಲೆಕ್ಕ ಹಾಕಿದರೆ ನನ್ನ ಕೈಗೆ ಬಂದದ್ದು ಸುಮಾರು ನಾಲ್ಕು ಮಿಲಿಆಂಪಿಯರ್: ಕೊಲ್ಲುವಷ್ಟಲ್ಲ, ಆದರೆ ಏಣಿಯ ಮೇಲಿದ್ದಿದ್ದರೆ ಕೆಳಗೆ ಬೀಳಲು ಸಾಕು. ಒರೆಸಿ ಒಣಗಿಸಿದ ಮೇಲೆ ಅದೇ ರೆಸಿಸ್ಟರ್ ಮತ್ತೆ 10 ಲಕ್ಷದ ಹತ್ತಿರಕ್ಕೆ ಬಂತು. ಹಿಡಿಯ ಒಳಗೋಡೆಯಲ್ಲೂ ಅದೇ ಅಂಟು ಇದ್ದುದರಿಂದ ಮರುಜೋಡಿಸುವ ಗೋಜಿಗೆ ಹೋಗದೆ ಟೆಸ್ಟರನ್ನು ಬಿಸಾಡಿದೆ. ನಾಚಿಕೆಯ ಸಂಗತಿಯೆಂದರೆ, ಎರಡು ದಿನಗಳಿಂದ ಅದು ಎಂದಿಗಿಂತ ಪ್ರಕಾಶಮಾನವಾಗಿ ಉರಿಯುತ್ತಿದ್ದುದನ್ನು ನೋಡಿ ನಾನು ಖುಷಿಪಟ್ಟಿದ್ದೆ.

ಮರುದಿನ ನನ್ನ ಜೊತೆ ಕೆಲಸ ಕಲಿಯುವ ಹುಡುಗನ ಟೆಸ್ಟರನ್ನೂ ಬಿಚ್ಚಿಸಿದೆ. "ಅಣ್ಣ, ಚೆನ್ನಾಗೇ ಉರೀತದಲ್ಲ" ಎಂದು ಅವನು ಗೊಣಗಿದ. ಅದರೊಳಗೆ ರೆಸಿಸ್ಟರೇ ಇರಲಿಲ್ಲ. ಹಿಂದೊಮ್ಮೆ ಬಿಚ್ಚಿದಾಗ ಎಲ್ಲೋ ಉರುಳಿ ಹೋಗಿದ್ದರಿಂದ, ಅದರ ಜಾಗಕ್ಕೆ ಪೆನ್ನಿನ ಸ್ಪ್ರಿಂಗನ್ನು ತುರುಕಿದ್ದ. ಅಲ್ಲಿಯವರೆಗೆ ಅವನು ರಬ್ಬರ್ ಚಪ್ಪಲಿ ಹಾಕಿಕೊಂಡು ಒಣನೆಲದ ಮೇಲೆ ನಿಂತೇ ಅದನ್ನು ಬಳಸಿದ್ದನಂತೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಅವನ ದೇಹದ ಒಂದೆರಡು ಸಾವಿರ ಓಮ್ ಬಿಟ್ಟು ಕರೆಂಟನ್ನು ತಡೆಯುವುದು ಬೇರೇನೂ ಇರುತ್ತಿರಲಿಲ್ಲ. ಹರಿಯುತ್ತಿದ್ದುದು ನೂರು ಮಿಲಿಆಂಪಿಯರಿನ ಆಸುಪಾಸು. ಮನೆಗಳಲ್ಲಿ ನಾವು ಹಾಕುವ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚಾದ ಆರ್‌ಸಿಸಿಬಿ 30 ಮಿಲಿಆಂಪಿಯರಿಗೇ ಟ್ರಿಪ್ ಆಗಬೇಕೆನ್ನುವುದು ಸುಮ್ಮನೆ ಅಲ್ಲ.

ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಟೆಸ್ಟರ್ ಬಿಚ್ಚಿ ರೆಸಿಸ್ಟರ್ ಅಳೆಯುತ್ತೇನೆ, ನೀರಿಗೆ ಬಿದ್ದದ್ದನ್ನು ಮತ್ತೆ ಬಳಸುವುದಿಲ್ಲ. ಟೆಸ್ಟರ್ ಉರಿಯಲಿಲ್ಲವೆಂಬ ಒಂದೇ ಕಾರಣಕ್ಕೆ ತಂತಿಗೆ ಕೈ ಹಾಕುವುದನ್ನೂ ಬಿಟ್ಟಿದ್ದೇನೆ. ಒಣ ಮರದ ಸ್ಟೂಲಿನ ಮೇಲೆ ನಿಂತಾಗ ಅದರ ಬೆಳಕು ಕಾಣದಷ್ಟು ಮಂಕಾಗುವುದುಂಟು, ಬಿಸಿಲಿನಲ್ಲಂತೂ ಕಾಣುವುದೇ ಇಲ್ಲ. ಮೇನ್ ಆಫ್ ಮಾಡಿ, ಫೇಸಿಗೂ ನ್ಯೂಟ್ರಲ್ಲಿಗೂ ಮಲ್ಟಿಮೀಟರ್ ಹಿಡಿದು, ಫೇಸಿಗೂ ಅರ್ತಿಂಗಿಗೂ ಮತ್ತೊಮ್ಮೆ ಹಿಡಿದು ನೋಡಿದ ಮೇಲೆಯೇ ಸ್ಕ್ರೂ ಬಿಚ್ಚುತ್ತೇನೆ.

ಅಂದಹಾಗೆ, ಆ ಮನೆಯ ಸಾಕೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಮಿಕ್ಸಿಯ ಪ್ಲಗ್ಗಿನೊಳಗೆ ನ್ಯೂಟ್ರಲ್ ತಂತಿ ಸ್ಕ್ರೂವಿನಿಂದ ಕಳಚಿಕೊಂಡಿತ್ತು.